ಸಂಗೀತವನ್ನು ಓದಲು ಕಲಿಸಿದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರು



ಈ ಸಲದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಉತ್ಸವ ಸಮಿತಿಯವರು ಕೇಳಿದಾಗ ನಾನು ಹಿಂದೆಮುಂದೆ ನೋಡಿದೆ. ಅಂಗಡಿಯ ಲೆಕ್ಕ ಬರೆಯುವ ಕೈ ನನ್ನದು, ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಆದರೂ ಒಪ್ಪಿಕೊಂಡದ್ದಕ್ಕೆ ಒಂದು ಕಾರಣವಿದೆ. ನಮ್ಮ ಭಜನಾ ಮಂಡಳಿಯಲ್ಲಿ ವರ್ಷಾನುಗಟ್ಟಲೆ ಮುಂದೆ ಕುಳಿತು ಹಾಡಿಸುತ್ತಿದ್ದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ದೈವಾಧೀನರಾದರು. ಅವರ ದಪ್ಪ ರಟ್ಟಿನ ವಹಿ ನಮ್ಮಲ್ಲಿ ಉಳಿದಿದೆ. ದೇವರನಾಮಗಳೂ ಅಭಂಗಗಳೂ ದುಂಡಗಿನ ಅಕ್ಷರದಲ್ಲಿ ಅದರಲ್ಲಿವೆ. ಆದರೆ ಅವುಗಳಲ್ಲಿ ಏಳೆಂಟು ಹಾಡುಗಳ ಧಾಟಿ ಈಗ ಯಾರಿಗೂ ಬಾರದು. ಮಾತು ಉಳಿಯಿತು, ಧಾಟಿ ಅವರ ಜೊತೆಗೇ ಹೋಯಿತು. ಸಪ್ತಾಹದ ರಾತ್ರಿ ಆ ಪುಟಗಳು ಬಂದರೆ ಸುಮ್ಮನೆ ತಿರುವಿ ಮುಂದೆ ಹೋಗುತ್ತೇವೆ.

ಧಾಟಿಯನ್ನು ಬರೆದಿಡಬಹುದು, ಬರೆದದ್ದನ್ನು ನೋಡಿ ಹಾಡಬಹುದು ಎಂಬುದು ನಮ್ಮ ಸಾಂಗೆಯವರಿಗೆ ತಿಳಿಯದ ಮಾತೇನಲ್ಲ. ಪೋರ್ತುಗೀಜರ ಕಾಲದಿಂದಲೂ ಗೋವೆಯ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಸೊಲ್ಫೇಜು ಎಂಬ ಪಾಠವಿತ್ತು. ಐದು ಗೆರೆಗಳ ಮೇಲೆ ಬರೆದ ಸ್ವರಗಳನ್ನು ದೊ, ರೆ, ಮಿ ಎಂದು ಬಾಯಲ್ಲಿ ಓದಿಸುತ್ತಿದ್ದರು. ಆ ಓದಿನ ಬಲದಿಂದಲೇ ಗೋವೆಯ ಎಷ್ಟೋ ಜನ ಮುಂಬಯಿಯ ಸಿನಿಮಾ ವಾದ್ಯಮೇಳಗಳಲ್ಲಿ ಅನ್ನ ಕಂಡುಕೊಂಡರು. ನಮ್ಮ ದೇವಸ್ಥಾನಗಳ ಹಾಡು ಮಾತ್ರ ಬಾಯಿಂದ ಕಿವಿಗೆ ನಡೆದುಬಂತು. ಇದೇ ಸಾಂಗೆ ತಾಲೂಕಿನ ಕುರ್ಡಿಯಲ್ಲಿ 1904ರಲ್ಲಿ ಹುಟ್ಟಿದ ಗಾನತಪಸ್ವಿನಿ ಮೊಗೂಬಾಯಿ ಕುರ್ಡೀಕರರು ಉಸ್ತಾದ ಅಲ್ಲಾದಿಯಾ ಖಾನ ಸಾಹೇಬರ ಎದುರು ಕುಳಿತು, ಕೇಳಿ ಕೇಳಿ, ಅಂದು ಅಂದು ಕಲಿತವರು. ಅವರ ಊರು ಸಾಳಾವಲಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಊರವರು ಸೋಮೇಶ್ವರನ ಗುಡಿಗೆ ಹೋಗಿ ಪೂಜೆ ಮಾಡಿ ಬರುತ್ತಾರೆ. ಕಿವಿಯ ವಿದ್ಯೆ ಕೀಳೆಂದು ನಾನು ಹೇಳುವುದಿಲ್ಲ, ಹೇಳಲು ಯೋಗ್ಯತೆಯೂ ಇಲ್ಲ. ಆದರೆ ಹಾಡಿಸುವವರೇ ಹೋದರೆ ಕಲಿಯುವವರು ಏನು ಮಾಡಬೇಕು? ಈ ಒಂದು ಪ್ರಶ್ನೆಗೆ ಜೀವಮಾನವನ್ನೇ ಸವೆಸಿದ ಮಹನೀಯರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು. ಅವರ ಜೀವನವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಪಲುಸ್ಕರರು ಹುಟ್ಟಿದ್ದು 1872ನೇ ಇಸವಿ ಆಗಸ್ಟ್ 18ರಂದು, ಕುರುಂದವಾಡದಲ್ಲಿ. ಆಗ ಅದೊಂದು ಸಣ್ಣ ಸಂಸ್ಥಾನ. ಈಗ ಕೊಲ್ಲಾಪುರ ಜಿಲ್ಲೆಗೆ ಸೇರಿದೆ. ಬೆಳಗಾವಿ ಕಡೆಯಿಂದ ನರಸೋಬಾವಾಡಿಗೆ ದತ್ತ ದರ್ಶನಕ್ಕೆ ಹೋದವರಿಗೆ ಗೊತ್ತು, ಕುರುಂದವಾಡ ಅಲ್ಲಿಗೆ ತೀರ ಹತ್ತಿರ. ಕನ್ನಡವೂ ಮರಾಠಿಯೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ ಅದು. ತಂದೆ ದಿಗಂಬರ ಪಂತರು ಕೀರ್ತನಕಾರರು. ಹಾಗಾಗಿ ಹುಡುಗನಿಗೆ ಹರಿಕಥೆ, ತಾಳ, ಪದ ಎಲ್ಲವೂ ಮನೆಯಲ್ಲಿಯೇ ಕಿವಿಗೆ ಬೀಳುತ್ತಿದ್ದವು. ಎಲ್ಲ ಮಕ್ಕಳಂತೆ ಶಾಲೆಗೂ ಹೋಗುತ್ತಿದ್ದ.

ಹೀಗಿರುವಾಗ ಒಂದು ದತ್ತ ಜಯಂತಿ. ನೆರೆಯ ಊರಿನ ಉತ್ಸವಕ್ಕೆ ಹೋದ ಬಾಲಕನ ಮುಖದ ಹತ್ತಿರವೇ ಪಟಾಕಿ ಸಿಡಿದು ಎರಡೂ ಕಣ್ಣುಗಳಿಗೆ ಪೆಟ್ಟಾಯಿತು. ಊರಿನಲ್ಲಿ ಒಳ್ಳೆಯ ವೈದ್ಯವಿರಲಿಲ್ಲ. ದೃಷ್ಟಿ ಹೋಯಿತು. ಮುಂದೆ ಬಹಳ ಕಾಲದ ಔಷಧೋಪಚಾರದಿಂದ ಒಂದಿಷ್ಟು ಮರಳಿತಾದರೂ ಪೂರ್ಣವಾಗಿ ಬರಲೇ ಇಲ್ಲ. ಶಾಲೆಯ ಓದು ಅಲ್ಲಿಗೇ ನಿಂತಿತು. (ನಮ್ಮ ಉತ್ಸವದಲ್ಲಿಯೂ ಪಲ್ಲಕ್ಕಿಯ ಮುಂದೆ ಪಟಾಕಿ ಹಚ್ಚುವ ಯುವಕರು ಈ ಒಂದು ಸಾಲನ್ನಾದರೂ ಓದಿ, ಮಕ್ಕಳನ್ನು ದೂರ ನಿಲ್ಲಿಸಬೇಕೆಂದು ಪ್ರಾರ್ಥನೆ.)

ಪುಸ್ತಕ ಓದಲಾಗದ ಹುಡುಗನಿಗೆ ಉಳಿದ ದಾರಿ ಸಂಗೀತವೊಂದೇ. ಮಿರಜಿನ ಸಂಸ್ಥಾನಿಕರು ಅವನ ಗುಣವನ್ನು ಕಂಡು ಆಶ್ರಯವಿತ್ತು, ಗಾಯನಾಚಾರ್ಯ ಬಾಳಕೃಷ್ಣಬುವಾ ಇಚಲಕರಂಜೀಕರರ ಕೈಗೆ ಒಪ್ಪಿಸಿದರು. ಬುವಾ ಸಾಮಾನ್ಯರಲ್ಲ. ಗ್ವಾಲಿಯರದ ಖ್ಯಾಲ ಗಾಯಕಿಯನ್ನು ವಾಸುದೇವಬುವಾ ಜೋಶಿಯವರಲ್ಲಿ ಕಷ್ಟಪಟ್ಟು ಕಲಿತು ನಮ್ಮ ಈ ಭಾಗಕ್ಕೆ ತಂದವರು ಅವರೇ. ಗುರುಗಳ ಮನೆಯ ಕೆಲಸ, ಗುರುಗಳ ಸೇವೆ, ಮಿಕ್ಕ ಹೊತ್ತೆಲ್ಲ ರಿಯಾಜು. ಪಾಠವೆಂದರೆ ಗುರುಗಳು ಅಂದದ್ದನ್ನು ಕೇಳಿ, ಅವರಿಗೆ ಒಪ್ಪಿಗೆಯಾಗುವವರೆಗೆ ತಿರುಗಿ ಅನ್ನುವುದು. ಗುರು ಒಂದು ಚೀಜನ್ನು ಎಂದು ಕೊಡುತ್ತಾರೆ, ಎಷ್ಟು ಕೊಡುತ್ತಾರೆ ಎಂಬುದು ಅವರ ಮನಸ್ಸಿಗೆ ಬಿಟ್ಟದ್ದು. ಬರೆದುಕೊಳ್ಳುವ ಮಾತೇ ಇರಲಿಲ್ಲ.

ಇಲ್ಲಿ ನಮ್ಮ ಕನ್ನಡ ನಾಡಿಗೂ ಒಂದು ಎಳೆ ಕೂಡುತ್ತದೆ. ಇದೇ ಬಾಳಕೃಷ್ಣಬುವಾ ಅವರ ಶಿಷ್ಯರು ಮಿರಜಿನ ನೀಲಕಂಠಬುವಾ ಆಲೂರಮಠರು. ಅವರಲ್ಲಿ ಮಲ್ಲಿಕಾರ್ಜುನ ಮನಸೂರರೂ ಗದಗಿನ ಪಂಚಾಕ್ಷರಿ ಗವಾಯಿಗಳೂ ಕಲಿತರು. ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಸಾವಿರಾರು ಅಂಧ ಮಕ್ಕಳಿಗೆ ಸಂಗೀತವನ್ನು ಕಿವಿಯ ಮೂಲಕವೇ ಉಣಿಸಿತು. ಕಣ್ಣು ಕೆಟ್ಟ ಪಲುಸ್ಕರರೂ ಅದೇ ದಾರಿಯಲ್ಲಿ ಕಿವಿಯೊಂದೇ ಸಾಕೆಂದು ಸುಮ್ಮನಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ ಎಂಬುದೇ ನನಗೆ ಆಶ್ಚರ್ಯ.

ಅವರು ಮಿರಜ ಬಿಟ್ಟದ್ದು 1896ರಲ್ಲಿ. ಇದಕ್ಕೆ ಒಂದು ಪ್ರಸಂಗವನ್ನು ಹೇಳುತ್ತಾರೆ. ಊರಿನ ಒಂದು ಸಮಾರಂಭಕ್ಕೆ ಪಲುಸ್ಕರರಿಗೆ ಆಮಂತ್ರಣ ಬಂತು, ಅವರ ಗುರುಗಳಿಗೆ ಬರಲಿಲ್ಲ. ವಿಚಾರಿಸಿದರೆ, ಅವರು ಬರಿಯ ಗವಾಯಿ ತಾನೆ, ಅವರನ್ನೇಕೆ ಕರೆಯುವುದು ಎಂಬ ಅರ್ಥದ ಉತ್ತರ ಬಂತಂತೆ. ಅಷ್ಟು ದೊಡ್ಡ ವಿದ್ವಾಂಸರಿಗೆ ಇಷ್ಟೇ ಮರ್ಯಾದೆಯೇ ಎಂಬ ನೋವು ಅವರಿಗೆ ನಾಟಿತು. ಗುರುಗಳೊಂದಿಗೂ ಆ ಹೊತ್ತಿಗೆ ಮನಸ್ತಾಪವಾಗಿತ್ತು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ತಂಬೂರಿ ಹಿಡಿದು ಹೊರಟರು.

ಬಡೋದೆ, ಗ್ವಾಲಿಯರಗಳ ಅರಮನೆಗಳಲ್ಲಿ ಹಾಡಿದರು. ಸೌರಾಷ್ಟ್ರದಲ್ಲಿ ಅಲ್ಪ ದರದ ಟಿಕೇಟು ಇಟ್ಟು ಸಾರ್ವಜನಿಕರಿಗಾಗಿ ಕಛೇರಿ ನಡೆಸಿದರು. ಅರಮನೆಗಳಿಗೆ, ಗುಡಿಗಳಿಗೆ ಮೀಸಲಾಗಿದ್ದ ದೊಡ್ಡ ಸಂಗೀತವನ್ನು ಪೇಟೆಯ ಮನುಷ್ಯ ಕೈಯಿಂದ ದುಡ್ಡು ಕೊಟ್ಟು ಕುಳಿತು ಕೇಳಿದ್ದು ಆಗ ಹೊಸ ಸಂಗತಿ. ವ್ಯಾಪಾರಿಯಾದ ನನಗೆ ಇದು ಬಹಳ ಹಿಡಿಸಿತು. ಗಿರನಾರದಲ್ಲಿ ಒಬ್ಬ ಸಾಧುಗಳು ಉತ್ತರಕ್ಕೆ, ಪಂಜಾಬಿಗೆ ಹೋಗೆಂದು ಅಪ್ಪಣೆ ಕೊಟ್ಟರೆಂದೂ ಹೇಳುತ್ತಾರೆ. ಮಥುರೆಯಲ್ಲಿ ನಿಂತು ಬ್ರಜ ಭಾಷೆಯನ್ನೂ ಧ್ರುಪದವನ್ನೂ ಅಭ್ಯಾಸ ಮಾಡಿದರು. ಹಳೆಯ ಚೀಜುಗಳ ಮಾತೆಲ್ಲ ಬಹುಪಾಲು ಆ ಭಾಷೆಯಲ್ಲಿದ್ದವು. ಕಡೆಗೆ ಲಾಹೋರಕ್ಕೆ ಬಂದರು. ಅಲ್ಲಿ 1901ರ ಮೇ 5ರಂದು ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಯಾವ ರಾಜನ ಖಜಾನೆಯೂ ಹಿಂದಿಲ್ಲದೆ ಜನರ ಬೆಂಬಲ, ದೇಣಿಗೆಗಳ ಮೇಲೆ ನಡೆದ ಸಂಗೀತ ಶಾಲೆ ಅದು. ಮೊದಲ ಕೆಲವು ದಿನ ಒಬ್ಬ ವಿದ್ಯಾರ್ಥಿಯೂ ಬರಲಿಲ್ಲವಂತೆ. ಬಾಗಿಲು ತೆರೆದು, ತಂಬೂರಿ ಶ್ರುತಿ ಮಾಡಿಕೊಂಡು ತಾವೊಬ್ಬರೇ ಹಾಡುತ್ತ ಕುಳಿತರಂತೆ. ಹೊಸ ಅಂಗಡಿ ತೆರೆದು ಗಲ್ಲಾದ ಮುಂದೆ ಗಿರಾಕಿಯ ದಾರಿ ಕಾದವರಿಗೆ ಆ ದಿನಗಳ ಕಷ್ಟ ಅರ್ಥವಾದೀತು.

ಶಾಲೆ ಎಂದ ಮೇಲೆ ಒಬ್ಬಿಬ್ಬರನ್ನು ಎದುರಿಗೆ ಕೂರಿಸಿಕೊಂಡು ಹನ್ನೆರಡು ವರ್ಷ ಕಲಿಸುವ ಕ್ರಮ ನಡೆಯದು. ಇಪ್ಪತ್ತು ಮೂವತ್ತು ಮಕ್ಕಳು ಒಟ್ಟಿಗೆ ಕುಳಿತರೆ ಎಲ್ಲರ ಮುಂದೆಯೂ ಒಂದೇ ಪಾಠ ಇರಬೇಕು; ನಿನ್ನೆಯ ಪಾಠ ಇವತ್ತಿಗೂ ಹಾಗೆಯೇ ಇರಬೇಕು. ಇದಕ್ಕಾಗಿ ಪಲುಸ್ಕರರು ತಮ್ಮದೇ ಸ್ವರಲಿಪಿಯನ್ನು ಕಟ್ಟಿದರು. ಸ, ರಿ, ಗ, ಮ ಅಕ್ಷರಗಳೇ ಅದರ ಮೂಲ. ಕೆಳಗಿನ ಸಪ್ತಕವಾದರೆ ಅಕ್ಷರದ ತಲೆಯ ಮೇಲೆ ಚುಕ್ಕೆ, ಮೇಲಿನ ಸಪ್ತಕವಾದರೆ ತಲೆಯ ಮೇಲೆ ನಿಂತ ಗೆರೆ. ಕೋಮಲ ಸ್ವರಕ್ಕೆ ಕೆಳಗೆ ಅಡ್ಡಲಾಗಿ ಎಳೆದ ಹಲಂತದ ಗುರುತು. ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದಕ್ಕೆ ಆಯಾ ಅಕ್ಷರದ ಅಡಿಯಲ್ಲಿಯೇ ಚಿಹ್ನೆ: ಒಂದು ಮಾತ್ರೆಗೆ ಗೆರೆ, ಅರ್ಧಕ್ಕೆ ಸೊನ್ನೆ, ಕಾಲಿಗೆ ಅರ್ಧಚಂದ್ರ. ತಾಳದ ಸಮಕ್ಕೆ 1 ಎಂಬ ಅಂಕಿ, ಖಾಲಿಗೆ ಕೂಡಿಸುವ ಗುರುತು. ಇಷ್ಟೆಲ್ಲವನ್ನೂ ಅಚ್ಚು ಹಾಕಲು ಮುದ್ರಣಾಲಯ ನಡೆಸಿದರು, ಮಾಸಪತ್ರಿಕೆ ಹೊರಡಿಸಿದರು. ಮಕ್ಕಳಿಗಾಗಿ ಸಂಗೀತ ಬಾಲಪ್ರಕಾಶ ಎಂಬ ಪುಸ್ತಕವನ್ನು ಮೂರು ಭಾಗಗಳಲ್ಲಿ ಬರೆದರು. ರಾಗಗಳ ಮೇಲೆ 18 ಭಾಗಗಳನ್ನು ಹೊರತಂದರು.

ಭಕ್ತರು ಇದನ್ನು ಒಂದು ಕ್ಷಣ ಯೋಚಿಸಿ ನೋಡಬೇಕು. ಇರುವೆಯಷ್ಟು ಚಿಕ್ಕ ಚುಕ್ಕೆ, ಗೆರೆ, ಸೊನ್ನೆಗಳ ಈ ಲಿಪಿಯನ್ನು ಹೆಣೆದವರ ಕಣ್ಣು ಬಾಲ್ಯದಲ್ಲಿಯೇ ಮಂಜಾಗಿತ್ತು.

ಬರಹದಲ್ಲಿ ಸಂಗೀತವನ್ನಿಡುವ ಯೋಚನೆ ಅವರೊಬ್ಬರದೇ ಎಂದು ಹೇಳಿದರೆ ತಪ್ಪಾಗುತ್ತದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಪುರಂದರದಾಸರು ಹಾಕಿಕೊಟ್ಟರೆಂದು ನಂಬುವ ಸರಳೆ, ಜಂಟಿ ವರಸೆಗಳಿಂದ ಮಕ್ಕಳು ಸ್ವರವನ್ನೇ ಮೊದಲು ಹಾಡಿ ಕಲಿಯುತ್ತಾರೆ. 1904ರಲ್ಲಿ ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರು ನೂರಾರು ಕೃತಿಗಳನ್ನು ಸ್ವರ ಸಮೇತ ಅಚ್ಚು ಹಾಕಿಸಿದರು. ಬಡೋದೆಯಲ್ಲಿ ಮೌಲಾಬಕ್ಷರು ಪಲುಸ್ಕರರಿಗಿಂತ ಮುಂಚೆಯೇ ಲಿಪಿಯೊಂದನ್ನು ಬಳಸಿ ಶಾಲೆ ನಡೆಸಿದ್ದರು. ಮುಂಬಯಿಯ ವಕೀಲರಾದ ಪಂಡಿತ ಭಾತಖಂಡೆಯವರು ಇನ್ನೊಂದು ಲಿಪಿ ಮಾಡಿದರು. ಅದು ಬರೆಯಲು ಸುಲಭ, ಗುರುತುಗಳು ಕಡಿಮೆ. ಇಂದು ಹೆಚ್ಚಿನ ಪುಸ್ತಕಗಳು ಅದರಲ್ಲಿಯೇ ಇವೆ. ಪಲುಸ್ಕರರ ಲಿಪಿ ತಾಳದ ಲೆಕ್ಕಕ್ಕೆ ಬಹಳ ಖಚಿತ, ಆದರೆ ಭಾರ. ಲಿಪಿಯಾಗಿ ಭಾತಖಂಡೆಯವರದೇ ಗೆದ್ದಿತೆಂದು ಒಪ್ಪಿಕೊಳ್ಳಬೇಕು.

ಆಗಿನ ಉಸ್ತಾದರಲ್ಲಿ, ಬುವಾಗಳಲ್ಲಿ ಅನೇಕರು ಈ ಬರವಣಿಗೆಯನ್ನು ಮೆಚ್ಚಲಿಲ್ಲ. ಮೀಂಡು, ಗಮಕ, ಕಂಠದ ಕಂಪನ ಇವು ಕಾಗದಕ್ಕೆ ಇಳಿಯುವುದಿಲ್ಲ ಎಂಬುದು ಅವರ ಆಕ್ಷೇಪ. ಮನೆತನದ ಚೀಜು ಬೀದಿಪಾಲಾದೀತೆಂಬ ಭಯವೂ ಇದ್ದೀತು. ಮೊದಲನೆಯ ಮಾತು ಸುಳ್ಳಲ್ಲ. ಪಲುಸ್ಕರರೂ ಗುರುವಿಲ್ಲದೆ ಪುಸ್ತಕ ಸಾಕೆಂದು ಬಗೆದವರಲ್ಲ. ಶಿಷ್ಯರನ್ನು ವರ್ಷಗಟ್ಟಲೆ ಶಾಲೆಯಲ್ಲಿಯೇ ಇಟ್ಟುಕೊಂಡು, ಊಟವಸತಿ ಕೊಟ್ಟು, ಶಿಸ್ತಿನಿಂದ ತಯಾರು ಮಾಡಿದರು.

ನೋಡಿ ಹಾಡುವುದೆಂದರೆ ಏನೆಂದು ನನಗೆ ತಿಳಿದದ್ದು ಇತ್ತೀಚೆಗೆ. ನಮ್ಮ ಮಂಡಳಿಯ ಮಕ್ಕಳಿಗೆ ವಾರಕ್ಕೆ ಎರಡು ಸಂಜೆ ಕಲಿಸಲು ಒಬ್ಬ ಮಾಸ್ತರರು ಬರುತ್ತಾರೆ. ನಾನೂ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಹಿಂದೆ ಹೋಗಿ ಕೂರುತ್ತೇನೆ. ಪೇಟಿ ಬಾರಿಸುವವನಿಗೆ ಕಾಗದದಲ್ಲಿ ಗ ಕಂಡರೆ ಬೆರಳಿಗೆ ಗ ಎಂಬ ಮನೆ ಸಿದ್ಧವಾಗಿದೆ, ಒತ್ತಿದರಾಯಿತು. ಹಾಡುವವನಿಗೆ ಅಂಥ ಮನೆ ಎಲ್ಲಿದೆ? ತಂಬೂರಿಯ ಷಡ್ಜವನ್ನು ಮನಸ್ಸಿನಲ್ಲಿ ಗಟ್ಟಿ ಹಿಡಿದು, ಅಲ್ಲಿಂದ ಗ ಎಷ್ಟು ದೂರವೆಂದು ಒಳಗೇ ಕೇಳಿಸಿಕೊಂಡು, ಆಮೇಲೆ ಬಾಯಿ ತೆರೆಯಬೇಕು. ಅದಕ್ಕೆಂದೇ ಮಾಸ್ತರರು ಮೊದಲ ಮೂರು ತಿಂಗಳು ಹಾಡನ್ನೇ ಕೊಡಲಿಲ್ಲ. ಸ ರಿ ಸ, ಸ ಗ ಸ, ಸ ಮ ಸ ಎಂದು ಪ್ರತಿ ಸ್ವರಕ್ಕೆ ಹೋಗಿ ಷಡ್ಜಕ್ಕೆ ಮರಳುವುದು, ಬಳಿಕ ಅಲಂಕಾರ, ಬಳಿಕ ಕೈಯಲ್ಲಿ ತಾಳ ಹಾಕುತ್ತ, ಸ್ವರದ ಹೆಸರು ಮಾತ್ರ ಓದುವುದು, ರಾಗವಿಲ್ಲದೆ, ಬಳಿಕ ಅದನ್ನೇ ರಾಗದಲ್ಲಿ, ಎಲ್ಲಕ್ಕಿಂತ ಕಡೆಗೆ ಸಾಹಿತ್ಯ. ಕಣ್ಣು ಯಾವಾಗಲೂ ಬಾಯಿಗಿಂತ ಒಂದೆರಡು ಸ್ವರ ಮುಂದಿರಬೇಕಂತೆ. ನನ್ನ ಕಣ್ಣು ಮುಂದೆ ಹೋದರೆ ಕೈಯ ತಾಳ ತಪ್ಪುತ್ತದೆ. ತಾಳ ಹಿಡಿದರೆ ಕಣ್ಣು ನಿಲ್ಲುತ್ತದೆ. ಮಕ್ಕಳು ನಗುತ್ತಾರೆ, ನಗಲಿ.

ಒಮ್ಮೆ ಯಾರೋ ಪಲುಸ್ಕರ ಪದ್ಧತಿಯ ಹಳೆಯ ಪುಸ್ತಕವನ್ನು ತಂದುಕೊಟ್ಟಿದ್ದರು. ನಮ್ಮ ಹುಡುಗನೊಬ್ಬ ತಲೆಯ ಮೇಲೆ ಚುಕ್ಕೆ ಕಂಡ ಕಡೆಯಲ್ಲೆಲ್ಲ ತಾರ ಸಪ್ತಕಕ್ಕೆ ಏರಿಸಿ ಕೂಗಿ ಕೂಗಿ ಕೆಮ್ಮು ತಂದುಕೊಂಡ. ಭಾತಖಂಡೆ ಪದ್ಧತಿಯಲ್ಲಿ ಮೇಲಿನ ಚುಕ್ಕೆ ಏರುವುದಕ್ಕೆ, ಪಲುಸ್ಕರರಲ್ಲಿ ಇಳಿಯುವುದಕ್ಕೆ! ಆ ದಿನದಿಂದ ಪುಸ್ತಕ ತೆರೆದ ಕೂಡಲೇ ಇದು ಯಾರ ಲಿಪಿ ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಬಂದಿದೆ.

ಮತ್ತೆ ಪಂಡಿತರ ಚರಿತ್ರೆಗೆ ಬರೋಣ. ಲಾಹೋರದ ಬಳಿಕ 1908ರಲ್ಲಿ ಮುಂಬಯಿಯಲ್ಲಿ ವಿದ್ಯಾಲಯ ತೆರೆದರು. ಅಲ್ಲಿ ವಿದ್ಯಾರ್ಥಿಗಳು ತುಂಬಿ ಬಂದರು. ಸ್ತ್ರೀಯರಿಗೂ ಪಾಠ ನಡೆಯುತ್ತಿತ್ತು. ಸಂಸಾರಸ್ಥರ ಹೆಣ್ಣುಮಕ್ಕಳು ಹಾಡುವುದೇ ಕೂಡದೆಂಬ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಸ್ಯಾಂಡಹರ್ಸ್ಟ್ ರಸ್ತೆಯಲ್ಲಿ ಸ್ವಂತ ಕಟ್ಟಡವೂ ಎದ್ದಿತು. ಆದರೆ ಅದು ಸಾಲದ ಮೇಲೆ ಎದ್ದ ಕಟ್ಟಡ. ಪಂಡಿತರು ಊರೂರು ತಿರುಗಿ ಕಛೇರಿ ಮಾಡಿ ಬಂದ ಹಣವನ್ನು ತುಂಬುತ್ತಿದ್ದರು. ಖರ್ಚು ಅದಕ್ಕಿಂತ ಮುಂದೆ ಓಡುತ್ತಿತ್ತು. ಕೊನೆಗೆ 1924ರ ಸುಮಾರಿಗೆ ಸಾಲಗಾರರು ಕಟ್ಟಡವನ್ನು ಹಿಡಿದು ಹರಾಜು ಹಾಕಿಸಿದರು. ಸ್ವರದ ಒಂದೊಂದು ಮಾತ್ರೆಗೂ ಲೆಕ್ಕ ಬರೆದವರು ರೂಪಾಯಿಯ ಲೆಕ್ಕದಲ್ಲಿ ಸೋತರು. ಟ್ರಸ್ಟಿಯಾಗಿ ದೇವಸ್ಥಾನದ ಜಮಾಖರ್ಚು ನೋಡುವ ನನಗೆ ಈ ಭಾಗ ಓದುವಾಗ ಮನಸ್ಸು ಭಾರವಾಯಿತು.

ಮನೆಯ ದುಃಖವೂ ಕಡಿಮೆಯದಲ್ಲ. ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಎಳೆವಯಸ್ಸಿನಲ್ಲಿಯೇ ತೀರಿಕೊಂಡವು. ಉಳಿದವರು 1921ರಲ್ಲಿ ಹುಟ್ಟಿದ ದತ್ತಾತ್ರೇಯ ಒಬ್ಬರೇ.

ಆ ವೇಳೆಗೆ ಪಂಡಿತರ ಮನಸ್ಸು ಪೂರ್ಣವಾಗಿ ರಾಮನ ಕಡೆಗೆ ತಿರುಗಿತ್ತು. ಕಾವಿ ಉಟ್ಟು, ತುಳಸೀದಾಸರ ರಾಮಾಯಣವನ್ನು ಹಾಡುತ್ತ ಪ್ರವಚನ ಮಾಡುತ್ತಿದ್ದರು. ನಾಸಿಕದಲ್ಲಿ ರಾಮನಾಮ ಆಧಾರ ಆಶ್ರಮವನ್ನು ಕಟ್ಟಿ ಅಲ್ಲಿಯೇ ಶಿಷ್ಯರಿಗೆ ಪಾಠ ಮುಂದುವರಿಸಿದರು. ನಾವೆಲ್ಲ ಭಜನೆಯ ಕೊನೆಗೆ ಹಾಡುವ ರಘುಪತಿ ರಾಘವದ ಪ್ರಚಲಿತ ಧಾಟಿ ಪಲುಸ್ಕರರದೇ ಎಂದು ಹೇಳುತ್ತಾರೆ. ಕಾಂಗ್ರೆಸ್ ಅಧಿವೇಶನಗಳಲ್ಲಿ ವಂದೇ ಮಾತರಂ ಹಾಡುತ್ತಿದ್ದವರೂ ಅವರೇ. ಅವರ ಶಿಷ್ಯ ನಾರಾಯಣ ಮೋರೇಶ್ವರ ಖರೆಯವರು ಗಾಂಧೀಜಿಯವರ ಸಾಬರಮತಿ ಆಶ್ರಮದಲ್ಲಿ ಸಂಗೀತ ಗುರುಗಳಾಗಿದ್ದು, ಆಶ್ರಮ ಭಜನಾವಳಿಯನ್ನು ಸಂಗ್ರಹಿಸಿದರು. 1930ರ ದಾಂಡಿ ಯಾತ್ರೆಯಲ್ಲಿಯೂ ನಡೆದರು. ಓಂಕಾರನಾಥ ಠಾಕೂರ, ವಿನಾಯಕರಾವ ಪಟವರ್ಧನ, ನಾರಾಯಣರಾವ ವ್ಯಾಸ, ಬಿ.ಆರ್. ದೇವಧರ ಮೊದಲಾದ ಶಿಷ್ಯರ ಹೆಸರುಗಳನ್ನು ಸಂಗೀತ ಬಲ್ಲವರಿಗೆ ಹೇಳಬೇಕಾಗಿಲ್ಲ.

1931ರ ಆಗಸ್ಟ್ 21ರಂದು, 59 ತುಂಬಿ ಮೂರು ದಿನಕ್ಕೆ, ತಾವು ಕಲಿತ ಮಿರಜಿನಲ್ಲಿಯೇ ಪಂಡಿತರು ದೇಹವಿಟ್ಟರು. ಅದೇ ವರ್ಷ ಶಿಷ್ಯರೆಲ್ಲ ಸೇರಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಸ್ಥಾಪಿಸಿದರು. ನಮ್ಮ ಗೋವೆಯಲ್ಲಿಯೂ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿಯೂ ಮಕ್ಕಳು ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂದು ಕಟ್ಟುವ ಪರೀಕ್ಷೆಗಳು ಆ ಮಂಡಲದವೇ. 1973ರಲ್ಲಿ ಭಾರತ ಸರಕಾರ ಪಂಡಿತರ ಅಂಚೆಚೀಟಿ ಹೊರಡಿಸಿತು.

ತಂದೆ ಹೋದಾಗ ಮಗ ದತ್ತಾತ್ರೇಯನಿಗೆ ಹತ್ತೇ ವರ್ಷ. ತಂದೆಯ ಎದುರು ಕುಳಿತು ಆ ದೊಡ್ಡ ವಿದ್ಯೆಯನ್ನು ಪೂರ್ತಿ ಪಡೆಯುವ ಭಾಗ್ಯ ಅವನಿಗೆ ಇರಲಿಲ್ಲ. ವಿನಾಯಕರಾವ ಪಟವರ್ಧನರೂ ನಾರಾಯಣರಾವ ವ್ಯಾಸರೂ ಅವನನ್ನು ತಯಾರು ಮಾಡಿದರು. ತಂದೆ ಶಿಷ್ಯರಿಗೆ ಕೊಟ್ಟದ್ದು ಮಗನಿಗೆ ಹೀಗೆ ತಿರುಗಿ ಬಂತು. ಅವರೇ ಡಿ.ವಿ. ಪಲುಸ್ಕರರು. ಅವರು ಹಾಡಿದ ರಾಮಭಜನೆಗಳ ಧ್ವನಿಮುದ್ರಿಕೆಗಳು ಇಂದಿಗೂ ಎಷ್ಟೋ ದೇವಸ್ಥಾನಗಳಲ್ಲಿ ಬೆಳಿಗ್ಗೆ ಕೇಳಿಬರುತ್ತವೆ. 1952ರ ಬೈಜೂ ಬಾವರಾ ಚಿತ್ರದಲ್ಲಿ ಉಸ್ತಾದ ಅಮೀರಖಾನರ ಜೊತೆ ಹಾಡಿದವರೂ ಅವರೇ. 1955ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಅವರೂ ಹೋದರು.

ಇನ್ನು ನಮ್ಮ ವಹಿಯ ವಿಷಯ. ಕಳೆದ ವರ್ಷ ಉತ್ಸವಕ್ಕೆ ಬಂದ ಒಬ್ಬ ಅಜ್ಜಿ, ತೀರಿಕೊಂಡ ನಮ್ಮ ಹಿರಿಯರ ದೂರದ ಸಂಬಂಧಿ, ಆ ಏಳೆಂಟು ಹಾಡುಗಳಲ್ಲಿ ಒಂದನ್ನು ಬಾಲ್ಯದಲ್ಲಿ ಕೇಳಿದ್ದೆನೆಂದು ಗುನುಗಿದರು. ಮಾಸ್ತರರು ಕೂಡಲೇ ಪೆನ್ಸಿಲು ಹಿಡಿದು ಅವರನ್ನು ನಾಲ್ಕಾರು ಸಲ ಹಾಡಿಸಿ ಸ್ವರ ಹಾಕಿಕೊಂಡರು. ಪಲ್ಲವಿ ಮತ್ತು ಮೊದಲನೆಯ ನುಡಿ ಸಿಕ್ಕಿತು. ಎರಡನೆಯ ನುಡಿಗೆ ಧಾಟಿ ಬೇರೆ ಇತ್ತೆಂಬುದು ಅಜ್ಜಿಗೆ ನೆನಪಿದೆ, ಹೇಗಿತ್ತೆಂಬುದು ನೆನಪಿಲ್ಲ. ಈ ಸಲದ ಸಪ್ತಾಹದಲ್ಲಿ ಮೂವರು ಮಕ್ಕಳು ಆ ಕಾಗದವನ್ನು ಎದುರಿಗಿಟ್ಟುಕೊಂಡು ಅಷ್ಟನ್ನು ಹಾಡಲಿದ್ದಾರೆ. ಎರಡನೆಯ ನುಡಿಯ ಜಾಗವನ್ನು ಮಾಸ್ತರರು ಖಾಲಿ ಬಿಟ್ಟಿದ್ದಾರೆ. ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ರಾತ್ರಿ ಭಜನೆಯ ಹೊತ್ತಿಗೆ ಮಂಡಳಿಯವರನ್ನು ಕಾಣಬೇಕು. ಪೆನ್ಸಿಲು, ಕಾಗದ ಸಿದ್ಧವಿರುತ್ತದೆ.